ಕನ್ನಡಕ್ಕೆ ಎಷ್ಟು ಅಂಕಿ?

ಹೈದರಾಬಾದಿನಲ್ಲಿ ಗ್ರಂಥಾಲಯ ವಿಜ್ಞಾನ ಓದುವಾಗ ವರ್ಗೀಕರಣದ ಪ್ರಾಕ್ಟಿಕಲ್ ನಮಗೆ ಲೆಕ್ಕದ ಪರೀಕ್ಷೆಯಂತೆ ಕಾಣುತ್ತಿತ್ತು. ಪುಸ್ತಕದ ಹೆಸರು ಕೊಡುತ್ತಾರೆ, ಡ್ಯೂಯಿ ಪದ್ಧತಿಯಲ್ಲಿ ಅದರ ಸಂಖ್ಯೆ ಕಟ್ಟಬೇಕು. ಇಂಗ್ಲಿಷ್ ಕಾದಂಬರಿಗೆ 823. ‘ಕಾನೂರು ಹೆಗ್ಗಡಿತಿ’ಗೆ 894.8143. ಒಂದಕ್ಕೆ ಮೂರು ಅಂಕಿ, ಇನ್ನೊಂದಕ್ಕೆ ಏಳು ಯಾಕೆ ಎಂಬ ಪ್ರಶ್ನೆ ಸಿಲಬಸ್ಸಿನಲ್ಲಿರಲಿಲ್ಲ.

ಮೆಲ್ವಿಲ್ ಡ್ಯೂಯಿ 1876ರಲ್ಲಿ ಈ ಪದ್ಧತಿ ಪ್ರಕಟಿಸಿದ್ದು ಅಮೆರಿಕದ ಕಾಲೇಜೊಂದರ ಪುಸ್ತಕಗಳನ್ನು ಮುಂದಿಟ್ಟುಕೊಂಡು. ಇಂಗ್ಲಿಷ್, ಜರ್ಮನ್, ಫ್ರೆಂಚ್, ಲ್ಯಾಟಿನ್ ಮೊದಲಾದ ಯುರೋಪಿನ ಕೆಲವು ಭಾಷೆಗಳಿಗೆ ಒಂದೊಂದು ಸ್ವಂತ ಮನೆ. ಮಿಕ್ಕ ಜಗತ್ತೆಲ್ಲ 890ರ ವಠಾರದಲ್ಲಿ. ಅಲ್ಲೂ ದ್ರಾವಿಡ ಭಾಷೆಗಳು ಟರ್ಕಿಶ್, ಫಿನ್ನಿಷ್, ಹಂಗೇರಿಯನ್ನುಗಳ ಜೊತೆ 894ರಲ್ಲಿವೆ. ಕಾಲ್ಡ್‌ವೆಲ್ 1856ರ ತನ್ನ ವ್ಯಾಕರಣದಲ್ಲಿ ನಮ್ಮ ಭಾಷೆಗಳಿಗೂ ಆ ‘ಸಿಥಿಯನ್’ ಬಳಗಕ್ಕೂ ನಂಟು ಹೇಳಿದ್ದ. ದ್ರಾವಿಡ ಭಾಷೆಗಳದ್ದು ಬೇರೆಯೇ ಕುಟುಂಬ ಎಂದು ಭಾಷಾವಿಜ್ಞಾನ ಇಂದು ಒಪ್ಪುತ್ತದೆ. ಕಪಾಟು ಮಾತ್ರ ಹಳೆಯ ನೆಂಟಸ್ತಿಕೆ ಬಿಟ್ಟಿಲ್ಲ.

ರಂಗನಾಥನ್ ಅವರು 1933ರಲ್ಲಿ ಮದ್ರಾಸಿನಿಂದ ತಂದ ಕೋಲನ್ ಪದ್ಧತಿಯಲ್ಲಿ ಕನ್ನಡ 33, ಇಂಗ್ಲಿಷ್ 111. ಅದನ್ನೂ ನಾವು ಕಲಿತೆವು, ಅದೂ ಲೆಕ್ಕವಾಗಿಯೇ!

ಅಂಕಿಯ ಉದ್ದ ಬರೀ ಅಭಿಮಾನದ ಮಾತು ಅನ್ನಬಹುದು. ವಚನಗಳನ್ನು ತೆಗೆದುಕೊಳ್ಳಿ. ಬಸವಕಲ್ಯಾಣವಿರುವ ಬೀದರ್ 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿತ್ತು. ಬಸವಣ್ಣನವರ ವಚನಗಳನ್ನು ಕನ್ನಡ ಕಾವ್ಯವೆಂದು 894.8141ರಲ್ಲಿ ಇಡಬೇಕೋ, ಹಿಂದೂ ಧರ್ಮದ 294.5ರಲ್ಲೋ? ಎರಡನೆಯದನ್ನು ಆರಿಸಿದರೆ, 2018ರಲ್ಲಿ ಕರ್ನಾಟಕ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೋರಿ ಶಿಫಾರಸು ಮಾಡಿದಾಗ ಎದ್ದ ಜಗಳಕ್ಕೆ ಕ್ಯಾಟಲಾಗು ಸದ್ದಿಲ್ಲದೆ ತೀರ್ಪು ಕೊಟ್ಟಂತೆ. ಕಾವ್ಯವೆಂದರೆ ಶರಣರ ಧರ್ಮವನ್ನು ಬರೀ ಸಾಹಿತ್ಯ ಮಾಡಿದಂತೆ. ಓದುಗನಿಗೆ ಕಾಣುವುದು ಪುಸ್ತಕದ ಬೆನ್ನಿನ ಚೀಟಿಯಷ್ಟೇ. ತೀರ್ಪು ಕೊಟ್ಟವರ ಹೆಸರು ಅದರಲ್ಲಿರುವುದಿಲ್ಲ.

ಗ್ರಂಥಾಲಯದ ನೀತಿ ಎಂದೊಂದು ಪ್ರತ್ಯೇಕ ಪೇಪರ್ ಇಟ್ಟರೆ ಇದು ಬಗೆಹರಿಯುತ್ತದೆಂದು ನನಗನ್ನಿಸುವುದಿಲ್ಲ. ಸಂಖ್ಯೆ ಕಟ್ಟುವ ಅದೇ ಪ್ರಾಕ್ಟಿಕಲ್‌ನಲ್ಲಿ, ಉತ್ತರದ ಪಕ್ಕ ಕಾರಣವನ್ನೂ ಬಿಟ್ಟುಕೊಟ್ಟ ಸಂಖ್ಯೆಯನ್ನೂ ಬರೆಸಿ ಅದಕ್ಕೂ ಅಂಕ ಕೊಡಬೇಕು. ಸ್ಥಳೀಯ ಭಾಷೆಗೆ ಅಕ್ಷರ ಸೇರಿಸಿ ಚಿಕ್ಕ ಸಂಖ್ಯೆ ಕೊಡಲು ಡ್ಯೂಯಿ ಪದ್ಧತಿಯೇ ಅವಕಾಶ ಇಟ್ಟಿದೆ, ಅದನ್ನೂ ಹೇಳಿಕೊಡಬೇಕು. ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ. ಕ್ಯಾಟಲಾಗಿನಲ್ಲಿ ಹಾಗಿಲ್ಲ: ಅದೇ ಪುಸ್ತಕಕ್ಕೆ ಕನ್ನಡ ಕಾವ್ಯ, ಲಿಂಗಾಯತ, ಬಸವಣ್ಣ ಎಂದು ಮೂರು ವಿಷಯ ಶೀರ್ಷಿಕೆ ಕೊಡಲು ಯಾರ ಅಡ್ಡಿಯೂ ಇಲ್ಲ.