ಸೊಪ್ಪಿನ ಬೆಟ್ಟದಿಂದ ಅಪ್ಪಿಕೊವರೆಗೆ

ಅಪ್ಪಿಕೊ ಚಳವಳಿ ಎಂದೊಡನೆ ಮರ ತಬ್ಬಿ ನಿಂತ ಹಳ್ಳಿಗರ ಚಿತ್ರ ನೆನಪಿಗೆ ಬರುತ್ತದೆ. ಗಢವಾಲದ ಚಿಪ್ಕೊದಿಂದ ಸ್ಫೂರ್ತಿ ಪಡೆದ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಾಡಿಗೆ ನಡೆದು ಕೊಡಲಿಗೆ ಅಡ್ಡ ನಿಂತರು. ಪ್ರತಿಭಟನೆ 38 ದಿನ ನಡೆಯಿತು. ಆದರೆ ಅಡಿಕೆ ಬೆಳೆಗಾರರು ಸರ್ಕಾರಿ ಕಾಡಿನ ಮರಕ್ಕಾಗಿ ಇಷ್ಟು ಹಟ ಹಿಡಿದದ್ದೇಕೆ? ಇದಕ್ಕೆ ಉತ್ತರ ಅವರ ದನದ ಕೊಟ್ಟಿಗೆಯಲ್ಲಿದೆ.

ಮಲೆನಾಡಿನ ಅಡಿಕೆ ತೋಟ ಇರುವುದು ಕಣಿವೆಯಲ್ಲಿ. ಜಡಿಮಳೆಗೆ ಮಣ್ಣಿನ ಸಾರ ಕೊಚ್ಚಿ ಹೋಗುತ್ತದೆ. ಅದನ್ನು ತುಂಬಲು ರೈತರು ಮೇಲಿನ ಗುಡ್ಡದಿಂದ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ಉದುರಿದ ದರಕನ್ನೂ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಸಗಣಿ, ಗಂಜಲದೊಡನೆ ಕೊಳೆತ ಈ ಹಾಸು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಜೊತೆಗೆ ಬೆಳೆಯುವ ಕಾಳುಮೆಣಸು, ಏಲಕ್ಕಿ, ಬಾಳೆಗೂ ಇದೇ ಆಹಾರ. ತೋಟಕ್ಕೆ ಹರಿಯುವ ಹಳ್ಳದ ನೀರಿನ ಮೂಲವೂ ಅದೇ ಕಾಡು.

1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾಡುಗಳನ್ನು ಕಾಯ್ದಿರಿಸುತ್ತ ಹೋದ ಬ್ರಿಟಿಷರು ತೋಟದ ಕಂದಾಯವನ್ನು ಮಾತ್ರ ಕಳೆದುಕೊಳ್ಳಲು ಸಿದ್ಧರಿರಲಿಲ್ಲ. ಹೀಗಾಗಿ ಸೊಪ್ಪಿನ ಬೆಟ್ಟಗಳು ಉಳಿದವು. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಸಿಕ್ಕಿತು. ಸೊಪ್ಪು ರೈತನದು, ನೆಲ ಸರ್ಕಾರದ್ದು.

ಸವಲತ್ತು ಇದ್ದ ಮಾತ್ರಕ್ಕೆ ಬೆಟ್ಟ ಹಸಿರಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಅತಿಯಾಗಿ ಸೊಪ್ಪು ಸವರಿ, ದನ ಮೇಯಿಸಿ ಎಷ್ಟೋ ಬೆಟ್ಟಗಳು ಬೋಳಾದವು. ತೋಟವಿಲ್ಲದ ಕೂಲಿಕಾರರಿಗಂತೂ ಬೆಟ್ಟದಲ್ಲಿ ಪಾಲೇ ಇರಲಿಲ್ಲ. ಚಳವಳಿಯ ಕಥೆ ಹೇಳುವವರು ಈ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ.

ಕರಾವಳಿಯ ಕುಮಟಾ ಸಮೀಪದ ಹಳಕಾರದ ಹಾದಿ ಬೇರೆ. ಅಲ್ಲಿ 1924ರಲ್ಲೇ ಗ್ರಾಮ ಅರಣ್ಯ ಪಂಚಾಯಿತಿ ಹುಟ್ಟಿತು. ಕಾವಲುಗಾರನನ್ನು ಇಟ್ಟುಕೊಂಡು ಊರವರೇ ಕಾಡು ಕಾದರು. 1979ರಲ್ಲಿ ಸರ್ಕಾರ ಇಂಥ ಪಂಚಾಯಿತಿಗಳನ್ನು ರದ್ದು ಮಾಡಲು ಹೊರಟಾಗ ಹಳಕಾರದವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು.

ಇತ್ತ ಘಟ್ಟದ ಮೇಲೆ ಬಗೆಬಗೆಯ ಮರಗಳ ಸಹಜ ಕಾಡು ಕಡಿದು ಸಾಗವಾನಿ ನೆಡುತೋಪು ಬೆಳೆಸಲಾಗುತ್ತಿತ್ತು. ಪ್ಲೈವುಡ್ ಕಾರ್ಖಾನೆಗೂ ಮರ ಹೋಗುತ್ತಿತ್ತು. ಸೊಪ್ಪು, ಜೇನು, ನೀರು ಎಲ್ಲಕ್ಕೂ ಕುತ್ತು ಬಂದಾಗಲೇ ಸಾಲ್ಕಣಿ ಎದ್ದದ್ದು. ಪಾಂಡುರಂಗ ಹೆಗಡೆ ಮೊದಲಾದವರು ಕಟ್ಟಿದ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಪದಗಳನ್ನು ಘೋಷಣೆ ಮಾಡಿಕೊಂಡಿತು.

ಮೂರನೆಯ ಪದವೇ ಕಷ್ಟದ್ದು. ಕಾಡಿನ ಉಪ್ಪಾಗೆಯನ್ನೇ ನೋಡಿ. ಅದರ ಸಿಪ್ಪೆಯಿಂದ ಮೈ ಇಳಿಸುವ ಔಷಧಿ ಮಾಡುತ್ತಾರೆಂದು 1990ರ ದಶಕದಲ್ಲಿ ವಿದೇಶಿ ಬೇಡಿಕೆ ಏರಿತು. ಬಡವರಿಗೆ ಮಳೆಗಾಲದಲ್ಲಿ ಕೈಗೆ ಕಾಸು ಬಂತು. ಆದರೆ ‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ’ ಎಂದು ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದದ್ದೂ ಉಂಟು. ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಹಣ್ಣಾದ ಮೇಲೆಯೇ ಕೊಯ್ಯಬೇಕೆಂದು ಊರಿನ ಸಮಿತಿಗಳು ಕಟ್ಟು ಮಾಡಿದ್ದು, ಕಡಿಮೆ ಸೌದೆಯ ಒಲೆಗಳು ಬಂದದ್ದು ಆಮೇಲೆ.