ಮನಸ್ಸಿಗೊಂದು ಅಳತೆಗೋಲು

ಮನಸ್ಸನ್ನು ಅಳೆಯಬಹುದೇ? ಹೌದೆಂದು ಧೈರ್ಯವಾಗಿ ಉತ್ತರಿಸಿದವರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬ. ಮೊದಲು ಈತ ಬ್ರಿಟಿಷ್ ಸೈನ್ಯದ ಅಧಿಕಾರಿ. ಆ ವೃತ್ತಿಯನ್ನು ತೊರೆದು, ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಸ್ಥಾಪಿಸಿದ್ದ ಪ್ರಯೋಗಶಾಲೆಗೆ ವಿದ್ಯಾರ್ಥಿಯಾಗಿ ಬಂದ. ಮೂವತ್ತು ದಾಟಿದ ಮೇಲೆ ಕತ್ತಿ ಕೆಳಗಿಟ್ಟು ಪಾಟಿ ಹಿಡಿಯುವುದು ಸಣ್ಣ ಮಾತಲ್ಲ!

ಶಾಲಾ ಮಕ್ಕಳ ಅಂಕಗಳಲ್ಲಿ ಆತ ಕಂಡದ್ದಿಷ್ಟು: ಪ್ರಾಚೀನ ಭಾಷೆಗಳಲ್ಲಿ ಮುಂದಿರುವ ಹುಡುಗ ಸಾಮಾನ್ಯವಾಗಿ ಗಣಿತದಲ್ಲಿಯೂ ಮುಂದು; ಸ್ವರಭೇದವನ್ನು ಗುರುತಿಸುವುದರಲ್ಲಿಯೂ ಅಷ್ಟಿಷ್ಟು ಮುಂದು. ಇವೆಲ್ಲದರ ಹಿಂದೆ ಒಂದೇ ಸಾಮಾನ್ಯ ಶಕ್ತಿಯಿದೆಯೆಂದು 1904ರಲ್ಲಿ ವಾದಿಸಿದ. ಅಂಕಗಳ ಹೊಂದಾಣಿಕೆ ನಿಜ. ಅದನ್ನು ಇಂದಿಗೂ ಅಲ್ಲಗಳೆಯಲಾಗಿಲ್ಲ. ಆದರೆ ಹೊಂದಾಣಿಕೆಯಿಂದ ಶಕ್ತಿಗೆ ಜಿಗಿದದ್ದು ಲೆಕ್ಕವಲ್ಲ, ಊಹೆ ಎಂದೇ ನನ್ನ ಎಣಿಕೆ. ಅಸಂಖ್ಯ ಸಣ್ಣ ಕಾರಣಗಳು ಕೂಡಿದರೂ ಅದೇ ಹೊಂದಾಣಿಕೆ ಮೂಡುವುದೆಂದು ಗಾಡ್‌ಫ್ರೆ ಥಾಮ್ಸನ್ 1916ರಲ್ಲಿಯೇ ತೋರಿಸಿದ್ದನಷ್ಟೆ.

ಇದು ಪಂಡಿತರ ಜಗಳವೆಂದು ಬಿಡುವಂತಿಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ತರುವಾಯ, 11ರ ವಯಸ್ಸಿನ ಮಕ್ಕಳನ್ನು ಬುದ್ಧಿಪರೀಕ್ಷೆಯೂ ಸೇರಿದ ಪರೀಕ್ಷೆಯೊಂದರಿಂದ ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸಲಾಯಿತು. ಒಂದು ಬೆಳಗಿನ ಉತ್ತರಪತ್ರಿಕೆ ಕೂಸಿನ ಹಣೆಬರಹವಾಯಿತು.

ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರು ಈ ಶಾಸ್ತ್ರವನ್ನು ಮೈಸೂರು ವಿಶ್ವವಿದ್ಯಾನಿಲಯಕ್ಕೆ ತಂದರು. ಶ್ರೋತೃಗಳು ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ: 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದ ಪ್ರಾಧ್ಯಾಪಕರು ಅವರೇ.