ಸಟನ್ ಹೂ: ಎರಡು ನಂಬಿಕೆಗಳ ನಡುವಿನ ಅರಸು

ರೋಮನ್ ದಂಡು ಬ್ರಿಟನ್ನಿನಿಂದ ಹಿಂದೆ ಸರಿದು ಎರಡು ಶತಮಾನ ಕಳೆದಿತ್ತು. ಕಡಲು ದಾಟಿ ಬಂದ ಆಂಗ್ಲರೂ ಸ್ಯಾಕ್ಸನರೂ ಅಲ್ಲಿ ನೆಲೆಯೂರಿ ಸಣ್ಣಪುಟ್ಟ ರಾಜ್ಯಗಳನ್ನು ಕಟ್ಟಿ ಆಳುತ್ತಿದ್ದರು. ಪೂರ್ವ ಕರಾವಳಿಯ ಈಸ್ಟ್ ಆಂಗ್ಲಿಯಾ ಅವುಗಳಲ್ಲೊಂದು. ಏಳನೆಯ ಶತಮಾನದ ಮೊದಲ ಭಾಗದಲ್ಲಿ ಆ ನಾಡಿನ ಜನ 27 ಮೀಟರ್ ಉದ್ದದ ಹಡಗೊಂದನ್ನು ಡೆಬೆನ್ ನದಿಯ ದಂಡೆಯ ಎತ್ತರದಲ್ಲಿರುವ ಸಟನ್ ಹೂ ಎಂಬಲ್ಲಿಗೆ ಎಳೆದು ತಂದರು. ತೋಡಿಟ್ಟ ಹೊಂಡಕ್ಕೆ ಅದನ್ನು ಇಳಿಸಿ, ನಡುವೆ ಮರದ ಕೋಣೆ ಕಟ್ಟಿ, ತಮ್ಮ ಒಡೆಯನನ್ನು ಅಲ್ಲಿ ಮಲಗಿಸಿ, ಮೇಲೆ ಮಣ್ಣಿನ ದಿಬ್ಬವೆಬ್ಬಿಸಿದರು.

ಅರಸನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಕತ್ತಿ, ಗುರಾಣಿ, ಈಟಿಗಳನ್ನಿಟ್ಟರು. ಔತಣಕ್ಕೆ ಕೊಪ್ಪರಿಗೆ, ಕುಡಿಯಲು ಕೊಂಬಿನ ಪಾತ್ರೆ, ನುಡಿಸಲು ಲೈರ್ ವಾದ್ಯವನ್ನಿಟ್ಟರು. ಸೊಂಟಪಟ್ಟಿಯ ಚಿನ್ನದ ಬಕಲ್ಲೊಂದೇ 400 ಗ್ರಾಂಗೂ ಮಿಕ್ಕಿದ ತೂಕದ್ದು. ಅದರ ಮೈತುಂಬ ಒಂದಕ್ಕೊಂದು ಹೆಣೆದುಕೊಂಡ ಹಾವುಗಳು, ಮೃಗಗಳು. ಹಣದ ಚೀಲದಲ್ಲಿ ಫ್ರಾಂಕರ ನಾಡಿನ 37 ಚಿನ್ನದ ನಾಣ್ಯಗಳು, ಒಂದೊಂದೂ ಬೇರೆ ಬೇರೆ ಟಂಕಸಾಲೆಯದು. ದೊಡ್ಡ ಬೆಳ್ಳಿತಟ್ಟೆಯ ಮೇಲೆ ಬೈಜಾಂಟೈನ್ ಚಕ್ರವರ್ತಿ ಅನಸ್ತಾಸಿಯಸ್‌ನ ಮುದ್ರೆ.

ಅಲ್ಲಿಟ್ಟಿದ್ದ ಶಿರಸ್ತ್ರಾಣವನ್ನು ಹತ್ತಿರದಿಂದ ನೋಡಬೇಕು. ಮೊಗವಾಡದ ಹುಬ್ಬುಗಳೇ ರೆಕ್ಕೆ, ಮೂಗೇ ಮೈ, ಮೀಸೆಯೇ ಬಾಲ: ಹಾರುವ ಹಕ್ಕಿಯೊಂದು ಅರಸನ ಮುಖವಾಗಿದೆ. ಹುಬ್ಬುಗಳ ಅಂಚಿನಲ್ಲಿ ಕೆಂಪು ಗಾರ್ನೆಟ್ ಕಲ್ಲುಗಳು. ಒಂದು ಹುಬ್ಬಿನ ಕಲ್ಲುಗಳ ಹಿಂದೆ ಮಾತ್ರ ಬೆಳಕು ಹೊಮ್ಮಿಸುವ ಚಿನ್ನದ ತಗಡಿದೆ. ದೀಪದ ಬೆಳಕಿಗೆ ಒಂದೇ ಕಣ್ಣು ಹೊಳೆಯಬೇಕು, ಧರಿಸಿದವನು ಒಕ್ಕಣ್ಣಿನ ದೇವರು ವೋಡನ್‌ನಂತೆ ಕಾಣಬೇಕು ಎಂಬುದೇ ಇದರ ಉದ್ದೇಶವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ.

1939ರಲ್ಲಿ ಜಮೀನಿನ ಒಡತಿ ಎಡಿತ್ ಪ್ರೆಟಿ ಅವರ ಕೋರಿಕೆಯಂತೆ ಪುರಾತತ್ವಜ್ಞ ಬೇಸಿಲ್ ಬ್ರೌನ್ ಈ ದಿಬ್ಬವನ್ನು ಅಗೆದರು. ಹುಳಿಮಣ್ಣು ಹಡಗಿನ ಮರವನ್ನೂ ಅರಸನ ದೇಹವನ್ನೂ ಕರಗಿಸಿಬಿಟ್ಟಿತ್ತು. ಉಳಿದದ್ದು ಮರಳಿನಲ್ಲಿ ಮೂಡಿದ ಹಡಗಿನ ಅಚ್ಚು, ಸಾಲು ತಪ್ಪದೆ ನಿಂತ ಕಬ್ಬಿಣದ ರಿವೆಟ್‌ಗಳು. ನಿಧಿ ತಮ್ಮದೇ ಎಂದು ತೀರ್ಮಾನವಾದರೂ ಪ್ರೆಟಿ ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟರು.

ದಿಬ್ಬದಡಿ ಮಲಗಿದ್ದ ಒಡೆಯ ಈಸ್ಟ್ ಆಂಗ್ಲಿಯಾದ ರೆಡ್ವಾಲ್ಡ್ ಅರಸನೇ ಇರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವನು ಕ್ರೈಸ್ತ ದೀಕ್ಷೆ ಪಡೆದೂ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವರುಗಳಿಗೊಂದು ಬಲಿಪೀಠ ಇಟ್ಟಿದ್ದನೆಂದು ನೂರು ವರ್ಷಗಳ ನಂತರ ಸನ್ಯಾಸಿ ಬೀಡ್ ಆಕ್ಷೇಪಿಸಿ ಬರೆದ. ಸಮಾಧಿಯಲ್ಲೂ ಅದೇ ಇಬ್ಬಗೆ: ಹಡಗು, ದಿಬ್ಬ ಪೂರ್ವಿಕರ ಪದ್ಧತಿ, ಶಿಲುಬೆಯ ಚಿತ್ತಾರದ ಬೆಳ್ಳಿ ಬಟ್ಟಲುಗಳು ಹೊಸ ಮತದ ಗುರುತು. ಬೀಡ್ ಆ ಎರಡು ಬಲಿಪೀಠಗಳಲ್ಲಿ ಚಂಚಲತೆಯನ್ನು ಕಂಡ. ಆದರೆ ಯಾವ ನಾಡೂ ಒಂದೇ ದಿನಕ್ಕೆ ತನ್ನ ದೇವರುಗಳನ್ನು ಬಿಟ್ಟುಕೊಡುವುದಿಲ್ಲ. ಹೊಸತನ್ನು ಬರಮಾಡಿಕೊಂಡು ಹಳತಿಗೂ ಋಣಿಯಾಗಿ ಉಳಿದ ಒಂದು ಪೀಳಿಗೆಯ ಮನಸ್ಸನ್ನು ತಿಳಿಯಲು ಬೀಡ್‌ನ ಬರಹಕ್ಕಿಂತ ಈ ಸಮಾಧಿಯೇ ಹೆಚ್ಚು ನಂಬಬಹುದಾದ ಸಾಕ್ಷಿ.